ಎರಡೂ ಎಡತೋಳು

ಆ ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕಾಜಾ ಅಕ್ಕ ಅಂತ. ಕೋಟಿನಲ್ಲಿ ಗುಂಡಿ ತೂರುವ ಸೀಳು ಬಿಡಿಸಿ, ಸುತ್ತ ದಾರ ಹೆಣೆಯುವ ಕಾಜಾ ಕೆಲಸ ಅವಳದು. ಬಾಗಿಲ ಪಕ್ಕದ ಗಿಡ್ಡ ಸ್ಟೂಲು ಅವಳ ಜಾಗ. ಕಣ್ಣು ಮಾತ್ರ ಸದಾ ಒಳಗಿನ ಉದ್ದ ಮೇಜಿನ ಮೇಲೆ. ಅಲ್ಲಿ ಮಾಸ್ಟರು ಬಟ್ಟೆ ಕತ್ತರಿಸುತ್ತಿದ್ದರು. ಒಂದು ದಿನ ತಾನೂ ಅಲ್ಲಿ ನಿಂತು ಇಡೀ ಕೋಟು ಕತ್ತರಿಸಬೇಕು ಎಂಬುದು ಅವಳ ಆಸೆ. ಆಸೆ ಅಂದರೆ ಅಂತಿಂಥದ್ದಲ್ಲ, ಹಠ!

ಮಾಸ್ಟರೋ, ತಮ್ಮ ಕತ್ತರಿಯನ್ನು ಹೆಂಡತಿಗೂ ಮುಟ್ಟಗೊಡದ ಆಸಾಮಿ. "ಮಾಸ್ಟ್ರೇ, ನಂಗೂ ಕಟಿಂಗ್ ಹೇಳ್ಕೊಡಿ" ಅಂದರೆ, "ಮೊದಲು ಕಾಜಾ ನೆಟ್ಟಗೆ ಹಾಕಮ್ಮ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಅವಳು ಸೊಪ್ಪು ಹಾಕಲಿಲ್ಲ. ಹಗಲೆಲ್ಲ ಅವರ ಕೈ ನೋಡುವುದು, ಸಂಜೆ ಮನೆಯಲ್ಲಿ ಪತ್ರಿಕೆ ಹರಡಿ ಹಾಗೇ ಕತ್ತರಿಸುವುದು. ಅತ್ತೆ ಗೊಣಗುತ್ತಿದ್ದರು: "ನಾನು ಪೇಪರ್ ಓದೋ ಹೊತ್ತಿಗೆ ಅರ್ಧ ಸುದ್ದಿ ತೋಳಾಗಿ ಹೋಗಿರುತ್ತೆ!"

ಹೀಗೇ ವರ್ಷಗಳು ಉರುಳಿದವು. ಒಮ್ಮೆ ಮಾಸ್ಟರಿಗೆ ಜ್ವರ ಬಂತು. ಮರುದಿನ ಕೊಡಬೇಕಾದ ಕೋಟಿಗೆ ತೋಳು ಮಾತ್ರ ಬಾಕಿ. ಬೇರೆ ದಾರಿ ಕಾಣದೆ ಕತ್ತರಿಯನ್ನು ಅವಳ ಕೈಗಿತ್ತರು. ಉಳಿದ ಬಟ್ಟೆ ಕಿರಿದಾಗಿದ್ದರಿಂದ ಅವಳು ಮಡಿಸದೆ ಒಂದೊಂದೇ ತೋಳು ಕತ್ತರಿಸಿದಳು. ಗೆರೆ ಚೂರೂ ತಪ್ಪಲಿಲ್ಲ. ಹಿಗ್ಗಿ ಹೀರೇಕಾಯಿಯಾದಳು.

ಮಾಸ್ಟರು ಎರಡನ್ನೂ ಎತ್ತಿ ಹಿಡಿದು ಹಣೆ ಚಚ್ಚಿಕೊಂಡರು. "ಗಿರಾಕಿಗೆ ಎರಡೂ ಎಡಗೈಯೇನಮ್ಮಾ?"

ಪತ್ರಿಕೆಗೆ ಎರಡು ಬದಿಯೂ ಒಂದೇ. ಬಟ್ಟೆಗೆ ಹಾಗಲ್ಲ, ಮೇಲ್ಮೈ ಬೇರೆ, ಒಳಮೈ ಬೇರೆ. ಎರಡನೇ ತೋಳಿಗೆ, ಅಳತೆಗೆಂದು ಬಟ್ಟೆಯ ಮೇಲಿಡುವ ರಟ್ಟಿನ ಅಚ್ಚನ್ನು ಮಗುಚಿಡಬೇಕಿತ್ತು. ಇಷ್ಟು ವರ್ಷದ ಅಭ್ಯಾಸದಲ್ಲಿ ಅದೊಂದನ್ನು ಕಲಿತೇ ಇರಲಿಲ್ಲ! ಅವಳು ನಾಚಿಕೆಯಿಂದ ಕುಗ್ಗಿಹೋದಳು. ಕತ್ತರಿ ಡ್ರಾಯರು ಸೇರಿತು, ಅದಕ್ಕೆ ಬೀಗವೂ ಬಿತ್ತು.

ಆ ಸಂಜೆ ಅತ್ತು, ಮುಖ ತೊಳೆದುಕೊಂಡು, ಗೋಡೆಯ ಕ್ಯಾಲೆಂಡರ್ ಇಳಿಸಿದಳು. ಒಂದು ಬದಿ ತಾರೀಕು, ಇನ್ನೊಂದು ಬದಿ ಬರೀ ಬಿಳಿ. ಇದೇ ಸರಿ! ನೆಂಟರಿಷ್ಟರ ಹಳೆ ಕ್ಯಾಲೆಂಡರುಗಳೆಲ್ಲ ಅವಳ ಮನೆಗೆ ಬಂದವು. "ಈ ತಿಂಗಳು ಇನ್ನೂ ಮುಗಿದಿಲ್ಲ ಕಣೇ!" ಎಂದು ಅತ್ತೆ ಕೂಗುವಷ್ಟರಲ್ಲಿ ಆ ತಿಂಗಳು ಕೊರಳಪಟ್ಟಿ ಆಗಿರುತ್ತಿತ್ತು. ಅಂಗಡಿಯಲ್ಲಿ ಬಿದ್ದ ಚೂರುಗಳನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಯಾವುದು ಮೇಲ್ಮೈ ಎಂದು ಗುರುತಿಸುವುದನ್ನೂ ಕಲಿತಳು. ಮಾಸ್ಟರು ಕಂಡೂ ಕಾಣದವರಂತಿದ್ದರು.

ಕೊನೆಗೊಂದು ಬೆಳಿಗ್ಗೆ ಅವರೇ ಕರೆದರು. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿತ್ತು. "ಮಗಳ ಮದುವೆಗೆ ನನ್ನ ಕೋಟು. ಕತ್ತರಿಸು" ಎಂದು ಕತ್ತರಿ ಇಟ್ಟು, ಬೀದಿ ನೋಡುತ್ತ ನಿಂತರು.

ಅವಳು ಮೇಜಿನ ಮುಂದೆ ಬಂದು ನಿಂತಳು. ಈ ಸಲ ಕೆಟ್ಟರೆ ಮುಗಿಯಿತು, ಜನ್ಮವಿಡೀ ಸ್ಟೂಲೇ ಗತಿ. ಎರಡು ಬದಿಯೂ ಒಂದೇ ಥರ ಕಾಣುವ ಬಟ್ಟೆ ಅದು. ಬೆರಳಾಡಿಸಿದಳು. ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆಮೇಲೆ ಇಡೀ ಬಟ್ಟೆಯನ್ನು ಮಗುಚಿ ಹಾಕಿದಳು.

"ಹಾಗೇ ಗೆರೆ ಎಳೆದಿದ್ರೆ ಮೇಲ್ಮೈಗೇ ಸೀಮೆಸುಣ್ಣ ಬೀಳ್ತಿತ್ತು ಮಾಸ್ಟ್ರೇ. ಉಲ್ಟಾ ಹಾಸಿದ್ರಿ."

"ಗೊತ್ತಮ್ಮ. ಬೇಕಂತಲೇ ಹಾಸಿದ್ದು."

ಕತ್ತರಿ ಬಟ್ಟೆಗಿಳಿಯಿತು. ಎಡತೋಳು ಬಂತು, ಅಚ್ಚು ಮಗುಚಿತು, ಬಲತೋಳು ಬಂತು. ಮಾಸ್ಟರು ತಿರುಗಿ ಅಷ್ಟನ್ನು ನೋಡಿದರು, ಮತ್ತೆ ಅಲ್ಲಿ ನಿಲ್ಲಲಿಲ್ಲ. ಕನ್ನಡಕ ಏರಿಸಿಕೊಂಡು, ಬಾಗಿಲ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತು, ಸೂಜಿಗೆ ದಾರ ಪೋಣಿಸತೊಡಗಿದರು.

"ನೀನು ಕತ್ತರಿಸ್ತಾ ಹೋಗು" ಅಂದರು, "ಕಾಜಾ ನಾನು ಹಾಕ್ತೀನಿ."