ಸುರಂಗದಲ್ಲಿ ಇಳಿದ ಫೀಸು

ಸಿಎ ಇಂಟರ್ ಪರೀಕ್ಷೆಯ ಎರಡನೆಯ ಗುಂಪಿನಲ್ಲಿ ನಾನು ಮತ್ತೆ ಫೇಲಾದಾಗ, ಆಡಿಟಿಂಗ್ ಪತ್ರಿಕೆಯ ವಿನಾಯಿತಿ ಇನ್ನೊಂದೇ ಪ್ರಯತ್ನಕ್ಕೆ ಉಳಿದಿತ್ತು. ಅರವತ್ತರ ಮೇಲೆ ಅಂಕ ಬಂದ ಪತ್ರಿಕೆಯನ್ನು ಮುಂದಿನ ಮೂರು ಸಲ ಬರೆಯಬೇಕಾಗಿಲ್ಲ ಎಂಬುದು ನಿಯಮ. ಅದರಲ್ಲಿ ಎರಡು ಸಲವನ್ನು ಕಾಸ್ಟಿಂಗ್, ಅಂದರೆ ವಸ್ತು ತಯಾರಿಸುವ ಖರ್ಚಿನ ಲೆಕ್ಕದ ಪತ್ರಿಕೆ, ನುಂಗಿತ್ತು. ಈ ಸಲವೂ ಹೋದರೆ ಪಾಸಾದದ್ದನ್ನೂ ಮೊದಲಿನಿಂದ ಬರೆಯಬೇಕು. ನಾನು ಕೆಲಸಕ್ಕಿದ್ದ ಕುಮಟೆಯ ಆಡಿಟರು ನನ್ನನ್ನು ಆರ್ಟಿಕಲ್‌ಶಿಪ್ಪಿಗೆ, ಅಂದರೆ ಸಿಎ ಆಗುವವರು ಮಾಡಲೇಬೇಕಾದ ತರಬೇತಿಗೆ, ತೆಗೆದುಕೊಳ್ಳಲು ಸಿದ್ಧರಿದ್ದರು. ಮೊದಲನೆಯ ಗುಂಪು ಮುಗಿದಿತ್ತು, ಈ ಗುಂಪು ಪಾಸಾಗಬೇಕಿತ್ತು, ಅಷ್ಟೆ. ಅಲ್ಲಿಯವರೆಗೆ ನಾನು ಅವರ ಆಫೀಸಿನಲ್ಲಿ ಅಂಗಡಿಗಳ ಬಿಲ್ಲುಗಳನ್ನು ಕಂಪ್ಯೂಟರಿಗೆ ಹಾಕುವವಳು.

ಫಲಿತಾಂಶ ನೋಡಿದ ಮೇಲೆ ಕೆಲವು ದಿನ ಕ್ಯಾಲ್ಕುಲೇಟರನ್ನು ಡ್ರಾಯರಿನಿಂದ ಹೊರಗೆ ತೆಗೆಯಲಿಲ್ಲ. ಮುಂದೆ ನಡೆದದ್ದನ್ನು ನಿಧಾನವಾಗಿ, ನಡೆದ ಕ್ರಮದಲ್ಲೇ ಹೇಳುತ್ತೇನೆ. ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಕಾಸ್ಟಿಂಗಿಗೆ ಒಂದು ರಿವಿಷನ್ ಕೋರ್ಸ್ ಬೇಕಿತ್ತು, ಅದೂ ಕಡಿಮೆ ಫೀಸಿನದು. ಆನ್‌ಲೈನಿನಲ್ಲಿ ಎಲ್ಲರೂ ಒಂದು ಪಾಠವನ್ನು ಪುಕ್ಕಟೆ ತೋರಿಸುತ್ತಾರೆ. ನಾನು ಒಂದನ್ನೂ ಬಿಡದೆ ನೋಡಿದೆ. ಎಲ್ಲರೂ ತೋರಿಸುವುದು ಮೊದಲನೆಯ ಅಧ್ಯಾಯವನ್ನೇ. ಒಬ್ಬರು ಕುರ್ಚಿಯ ಕಾರ್ಖಾನೆಯಿಂದ ಶುರುಮಾಡಿದರೆ, ಇನ್ನೊಬ್ಬರು ಬಿಸ್ಕತ್ತಿನಿಂದ, ಮತ್ತೊಬ್ಬರು ಪಿಜ್ಜಾದಿಂದ. ಮೊದಲನೆಯ ಅಧ್ಯಾಯದಲ್ಲಿ ನನ್ನನ್ನು ಮೀರಿಸುವವರು ಈ ಕರಾವಳಿಯಲ್ಲಿ ಇರಲಿಲ್ಲ. ಎರಡನೆಯ ಅಧ್ಯಾಯದಿಂದ ಕತ್ತಲೆ.

ಪಾಠ ನೋಡಲು ನನಗೆ ಸಿಗುತ್ತಿದ್ದ ಹೊತ್ತು ಎಂದರೆ ಭಟ್ಕಳದಿಂದ ಕುಮಟೆಗೆ ಹೋಗುವ, ಬರುವ ರೈಲಿನದು. ಜೊತೆಗೆ ಭಟ್ಕಳದ ಗೆಳತಿ ಇರುತ್ತಿದ್ದಳು. ಅವಳಿಗೆ ಮನೆಯಲ್ಲಿ ನವಾಯತಿ ಭಾಷೆ, ಪಾಠ ಹೇಳುವ ಕುಮಟೆಯ ಕಾಲೇಜಿನಲ್ಲಿ ಇಂಗ್ಲಿಷ್, ನನ್ನ ಹತ್ತಿರ ಕನ್ನಡ. ಮಾತಿಗೆ ಮೂರರಲ್ಲೂ ಒಂದೇ ವೇಗ. ಮುರ್ಡೇಶ್ವರದಲ್ಲಿ ಹತ್ತುವ ನರ್ಸ್ ಅಕ್ಕನಿಗೆ ನಾವು ಕಿಟಕಿಯ ಬದಿ ಹಿಡಿದಿಡುತ್ತಿದ್ದೆವು.

ಒಂದು ಬೆಳಿಗ್ಗೆ ರೈಲಿನಲ್ಲೇ ಫೋನ್ ಬಂತು. ನಾನು ಡೆಮೊ ನೋಡುವಾಗ ನಂಬರು ಕೊಟ್ಟಿದ್ದ ಕೋಚಿಂಗಿನವರದು. ಅವರ ಕಾಸ್ಟಿಂಗ್ ಮಾಸ್ತರರು ನನಗೆ ಬಹಳ ಹಿಡಿಸಿದ್ದರು. ಗೆಳತಿ ಸ್ಪೀಕರ್ ಒತ್ತಿಬಿಟ್ಟಳು.

"ಮೇಡಂ, ಆಫರಿಗೆ ಇವತ್ತೇ ಲಾಸ್ಟ್ ಡೇಟು," ಎಂದ ಹುಡುಗ. ಆಮೇಲೆ ಫೀಸು ಹೇಳಿದ. ಅದು ಸರಿಯಾಗಿ ನನ್ನ ಒಂದು ತಿಂಗಳ ಸಂಬಳ. ನಾನು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಸುರಂಗ ಹೊಕ್ಕಿತು. ಫೋನ್ ಕಟ್ಟಾಯಿತು.

ಸುರಂಗ ಮುಗಿದು ಬೆಳಕು ಬಂದ ಕೂಡಲೇ ಮತ್ತೆ ರಿಂಗಾಯಿತು.

"ಬೇಜಾರಾಗ್ಬೇಡಿ ಮೇಡಂ, ನಮ್ಮ ಸೀನಿಯರ್ ಹತ್ರ ಕೇಳ್ದೆ. ನಿಮಗೋಸ್ಕರ ಕಾಲು ಭಾಗ ಕಮ್ಮಿ ಮಾಡ್ತಾರಂತೆ."

ನಾನು ಏನೂ ಕೇಳಿರಲಿಲ್ಲ. ಗೆಳತಿಯ ಮುಖ ನೋಡಿದೆ. ಅವಳು ದುಪಟ್ಟಾದ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಅಷ್ಟರಲ್ಲಿ ಇನ್ನೊಂದು ಸುರಂಗ ಬಂತು.

ಕತ್ತಲಲ್ಲಿ ಅವಳ ದನಿ ಕೇಳಿತು: "ಅವ ಹೆದರಿ ಸತ್ತ ಮಾರಾಯ್ತಿ! ಫೀಸು ಕೇಳಿ ನೀ ಫೋನ್ ಕುಕ್ಕಿದೆ ಅಂದ್ಕಂಡಾನೆ!"

"ಹೇಳ್ಬೇಕಲ್ಲ ಅವನಿಗೆ," ಎಂದೆ.

"ಎಂತ ಹೇಳೂದು? ಸುಮ್ನೆ ಕೂತ್ಕೊ. ಈ ರೈಲು ನಿನಗಿಂತ ಚಲೋ ಚೌಕಾಸಿ ಮಾಡ್ತದೆ."

ಶರಾವತಿಯ ಸೇತುವೆಯ ಮೇಲೆ ಸಿಗ್ನಲ್ ಪೂರ್ತಿ ಇರುತ್ತದೆ. ಅಲ್ಲಿ ಮತ್ತೆ ಅವನೇ. ಈ ಸಲ ಹಲೋ ಎನ್ನಲೂ ನಿಲ್ಲದೆ ರೇಟು ಹೇಳಿದ. ಅರ್ಧ ಫೀಸು, ಮೇಲೆ ಪುಸ್ತಕಗಳೂ ಉಚಿತ. ನರ್ಸ್ ಅಕ್ಕ ಕಿಟಕಿಯಿಂದ ಮುಖ ತಿರುಗಿಸಿ, "ಮುಂದಿನ ಸುರಂಗದ ತನಕ ತಡಿ, ಅವನೇ ನಿಂಗೆ ದುಡ್ಡು ಕೊಡ್ತ," ಎಂದರು. ಎದುರಿನ ಸೀಟಿನವರು ನಕ್ಕರು. ಅದು ಆಚೆಯ ಸೀಟಿಗೆ ಹಬ್ಬಿತು. ಏನು ವಿಷಯವೆಂದು ಗೊತ್ತಿಲ್ಲದವರೂ ನಗುತ್ತಿದ್ದರು. ಫಲಿತಾಂಶ ಬಂದಂದಿನಿಂದ ನಾನು ನಕ್ಕಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಸುರಿಸಿ ನಕ್ಕೆ. ಕೆಳಗೆ ಹೊಳೆ ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು.

ಆದರೆ ಆ ಹುಡುಗ "ಮೇಡಂ, ಅಳ್ತಾ ಇದೀರಾ?" ಎಂದು ಕೇಳಿದಾಗ ನನ್ನಿಂದ ತಡೆಯಲಾಗಲಿಲ್ಲ.

"ಇಲ್ಲ ಸರ್. ನಾನು ಫೋನ್ ಕಟ್ ಮಾಡಿದ್ದಲ್ಲ. ರೈಲಿನಲ್ಲಿದ್ದೇನೆ, ಸುರಂಗದಲ್ಲಿ ಸಿಗ್ನಲ್ ಹೋಗ್ತದೆ."

ಗೆಳತಿ ಹಣೆ ಚಚ್ಚಿಕೊಂಡಳು.

ಅವನಿಗೂ ನಗು ಬಂತು. "ಹೇಳಿದ ರೇಟು ಹೇಳಿದ್ದೇ ಮೇಡಂ, ಅದನ್ನ ಬದಲಾಯಿಸಲ್ಲ," ಎಂದ. ಮತ್ತೆ ಏನೋ ಹೊಳೆದವನಂತೆ ಕೇಳಿದ: "ಪಾಠ ಎಲ್ಲಿ ನೋಡ್ತೀರಿ ನೀವು?"

"ಇದೇ ರೈಲಿನಲ್ಲಿ."

"ಹಾಗಾದ್ರೆ ತಗೋಬೇಡಿ ಮೇಡಂ. ನಮ್ಮದು ನೆಟ್ ಇದ್ರೆ ಮಾತ್ರ ಓಡೋದು. ಡೌನ್‌ಲೋಡ್ ಮಾಡೋದಕ್ಕೆ ಬಿಡೋ ಕೋರ್ಸ್ ನೋಡಿ." ದನಿ ತಗ್ಗಿಸಿ, "ನಾನು ಹೇಳಿದೆ ಅಂತ ಎಲ್ಲೂ ಹೇಳ್ಬೇಡಿ," ಎಂದ. ಆಮೇಲೆ ಅವನೇ ಫೋನ್ ಇಟ್ಟ.

ಅವನು ಹೇಳಿದಂಥ ಕೋರ್ಸ್ ಆ ವಾರವೇ ಸಿಕ್ಕಿತು. ಫೀಸು ಆ ಅರ್ಧಕ್ಕಿಂತಲೂ ಕಡಿಮೆ. ಫೋನಿಗೆ ಇಳಿಸಿಕೊಂಡರೆ ನೆಟ್ ಬೇಡ. ಆದರೆ ಒಂದು ನಿಯಮವಿತ್ತು: ಪ್ರತಿ ಪಾಠವನ್ನು ಒಂದೂವರೆ ಸಲ ಮಾತ್ರ ನೋಡಬಹುದು.

"ಒಂದೂವರೆ ಅಂದ್ರೆ?" ಎಂದಳು ಗೆಳತಿ. "ಅರ್ಧ ಸಲ ನೋಡೂದು ಹೇಗೆ? ಒಂದು ಕಣ್ಣು ಮುಚ್ಚಿಯಾ?"

"ನಾವು ಅರ್ಧ ಮಾತ್ರೆ ಕೊಡೂದು ಉಂಟಪ್ಪ," ಎಂದರು ಅಕ್ಕ. "ಆದ್ರೆ ರೋಗ ಅರ್ಧವೇ ಗುಣ ಆಗ್ತದೆ."

ಪಾಠದ ಹೊತ್ತನ್ನು ಒಂದೂವರೆಯಿಂದ ಗುಣಿಸಿದಷ್ಟು ಹೊತ್ತು ಎಂದು ನಾನು ವಿವರಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಸ್ತರರು ಆಡುವ ಪ್ರತಿ ನಿಮಿಷವೂ ಖರ್ಚಾಗುತ್ತದೆ ಎಂಬುದು ಮಾತ್ರ ಎಲ್ಲರಿಗೂ ನಾಟಿತು. ಮರುದಿನದಿಂದ ನಾನು ಇಯರ್‌ಫೋನ್ ಹಾಕಿದರೆ ಗೆಳತಿ ಕಾವಲು. ಶೇಂಗಾ ಮಾರುವವನು ಬಂದರೆ "ಶ್ಶ್, ಅವಳ ಪಾಠ ಮುಗೀತದೆ!" ಎಂದು ಬೆರಳು ತೋರಿಸುತ್ತಿದ್ದಳು. ಅವನು ಪಾಪ, ತುದಿಗಾಲಲ್ಲಿ ದಾಟುತ್ತಿದ್ದ. ನಗು ತಡೆಯಲಾಗದೆ ನಾನೇ ಪಾಠ ನಿಲ್ಲಿಸುತ್ತಿದ್ದೆ. ಹಾಗೆ ನಗುತ್ತ ನಗುತ್ತ ಎರಡನೆಯ ಅಧ್ಯಾಯ ದಾಟಿದೆ, ಮೂರನೆಯದನ್ನೂ ದಾಟಿದೆ. ಪ್ರೋಸೆಸ್ ಕಾಸ್ಟಿಂಗ್ ಎಂಬ ಅಧ್ಯಾಯ ಮಾತ್ರ ಒಂದೂವರೆ ಸಲಕ್ಕೂ ತಲೆಗೆ ಹತ್ತಲಿಲ್ಲ. ಅದನ್ನು ಹಾಗೆಯೇ ಬಿಟ್ಟು ಪರೀಕ್ಷೆ ಬರೆದೆ.

ಫಲಿತಾಂಶವೂ ಬಂದದ್ದು ರೈಲಿನಲ್ಲೇ. ಹೊನ್ನಾವರ ಬಿಟ್ಟ ಮೇಲೆ ಪುಟ ತೆರೆದುಕೊಂಡಿತು. ಕಾಸ್ಟಿಂಗಿನಲ್ಲಿ ಪಾಸು. ಆದರೆ ಅಷ್ಟು ಸಾಲದು, ಗುಂಪಿನ ಒಟ್ಟು ಅಂಕ ಅರ್ಧ ಮುಟ್ಟಬೇಕು. ಪುಟದ ಕೊನೆಯಲ್ಲಿ ಒಟ್ಟು ಅಂಕವಿತ್ತು, ಪಕ್ಕದಲ್ಲಿ ಪಾಸ್ ಎಂದೂ ಇತ್ತು. ನಾನು ಅದನ್ನು ನಂಬದೆ ಮೂರು ಪತ್ರಿಕೆಗಳ ಅಂಕಗಳನ್ನೂ ಕೂಡಿದೆ. ಕೆಳಗಿನಿಂದ ಮೇಲೆ ಕೂಡಿದೆ. ಗೆಳತಿಯ ಫೋನಿನಲ್ಲಿ ಕೂಡಿಸಿದೆ. ಅಕ್ಕ ಬೆರಳೆಣಿಸಿ ಕೂಡಿದರು. ಎಲ್ಲ ಕಡೆಯೂ ಅರ್ಧ ದಾಟಿತ್ತು, ಸ್ವಲ್ಪವೇ, ಆದರೂ ದಾಟಿತ್ತು.

ಇನ್ನೊಮ್ಮೆ ಕೂಡುತ್ತಿದ್ದಾಗ ಯಾರೋ ಕಿಟಕಿಯ ಸರಳನ್ನು ಬಡಿದರು. ಹೊರಗೆ ಪ್ಲಾಟ್‌ಫಾರ್ಮಿನಲ್ಲಿ ಗೆಳತಿ ಓಡುತ್ತಿದ್ದಳು. "ಇಳಿ ಮಾರಾಯ್ತಿ, ಇಳಿ! ಕುಮಟೆ!" ಅವಳ ಹಿಂದೆ ಅಕ್ಕ ಕೊಡೆ ಬೀಸುತ್ತಿದ್ದರು. ಗಾಡಿ ಹೊರಟಾಗಿತ್ತು.

ಕುಮಟೆಯ ಆಚೆ, ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಇಳಿದು ಆಡಿಟರಿಗೆ ಫೋನ್ ಮಾಡಿದೆ.

"ಸರ್, ಇವತ್ತು ಸ್ವಲ್ಪ ತಡ ಆಗ್ತದೆ. ನಾನು ಗೋಕರ್ಣ ರೋಡಿನಲ್ಲಿದ್ದೇನೆ."

"ಅಲ್ಲಿ ಎಂತ ಮಾಡ್ತೆ?" ಎಂದರು. ಆಮೇಲೆ, "ರಿಸಲ್ಟ್ ಎಂತ ಆತು?"

ಹೇಳಲು ಹೋದೆ. ನಗುವೇ ಬಂತು.

"ಆತು, ಗೊತ್ತಾತು," ಎಂದರು ಅವರು. "ನಿಧಾನ ಬಾ. ಇನ್ನು ಬಿಲ್ಲು ಹಾಕೂಕೆ ನಾ ಬೇರೆಯವರನ್ನ ಹುಡುಕ್ತೆ."