ಬರೀ ಹೆದರಿಸಲಿಕ್ಕೆ

ಬಸವಕಲ್ಯಾಣದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವುದು ನನ್ನ ಹೊಟ್ಟೆಪಾಡು. ಅಮೆರಿಕ, ಸೋವಿಯತ್ ರಷ್ಯಾಗಳ ಶೀತಲ ಸಮರದ ಪಾಠ ಬಂತೆಂದರೆ ನನಗೆ ಎಲ್ಲಿಲ್ಲದ ಹುಮ್ಮಸ್ಸು. ಒಬ್ಬ ತನ್ನ ರಕ್ಷಣೆಗೆಂದು ಕ್ಷಿಪಣಿ ಇಡುತ್ತಾನೆ, ಎದುರಿನವನಿಗೆ ಅದು ತನ್ನ ಮೇಲೆ ಗುರಿ ಇಟ್ಟಂತೆ ಕಾಣುತ್ತದೆ, ಅವನು ಎರಡು ಇಡುತ್ತಾನೆ. ಯುದ್ಧ ಇಬ್ಬರಿಗೂ ಬೇಡ. ಬಾಂಬು ಬರೀ ಹೆದರಿಸಲಿಕ್ಕೆ. ಆದರೂ ರಾಶಿ ಬೆಳೆಯುತ್ತಲೇ ಹೋಗುತ್ತದೆ. ಒಮ್ಮೆ ಮುಂದಿನ ಬೆಂಚಿನ ಹುಡುಗಿ ಎದ್ದು, "ಸರ್, ಇಬ್ಬರೂ ಕುಂತು ಮಾತಾಡಿದ್ರ ಮುಗೀತಲ್ರಿ?" ಅಂದಳು. "ಅಷ್ಟು ಸರಳ ಇದ್ದಿದ್ರ ನನಗ್ಯಾಕ ಪಗಾರ ಕೊಡ್ತಿದ್ರವ್ವಾ?" ಎಂದು ನಗಿಸಿ ಕೂರಿಸಿದೆ. ಭಾರಿ ಶಾಣ್ಯಾ ನಾನು!

ನನ್ನ ಮನೆ ಹುಮನಾಬಾದಿನಲ್ಲಿ, ಮಾಣಿಕನಗರದ ದಾರಿಯ ಒಂದು ಓಣಿಯಲ್ಲಿ. ಪಕ್ಕದ ಮನೆಯವನು ಬಾಲ್ಯದ ಗೆಳೆಯ. ಮನ್ನಾಏಖೇಳ್ಳಿಯಲ್ಲಿ ಅವನ ಕಿರಾಣಿ ಅಂಗಡಿ. ಅವನ ಅವ್ವನನ್ನು ನಾನು ಚಿಕ್ಕಮ್ಮನಂತೆ ಮಾವಶಿ ಎಂದೇ ಕರೆಯುವುದು. ಎರಡು ಹಿತ್ತಲುಗಳ ನಡುಗೋಡೆಯಲ್ಲಿ ಚಿಲಕವಿಲ್ಲದ ಒಂದು ಸಣ್ಣ ಬಾಗಿಲಿತ್ತು. ಎಳ್ಳಮವಾಸ್ಯೆಯ ಭಜ್ಜಿ, ಬಿಸಿ ರೊಟ್ಟಿ, ಓಣಿಯ ಸುದ್ದಿ ಎಲ್ಲವೂ ಅದರಲ್ಲೇ ಓಡಾಡುತ್ತಿದ್ದವು.

ಓಣಿಯಲ್ಲಿ ಒಂದು ಕಳ್ಳತನವಾಯಿತು. ನಾನು ನಾಯಿ ತಂದು ಹಿತ್ತಲಲ್ಲಿ ಕಟ್ಟಿದೆ. ಅದು ಗೆಳೆಯನ ಮೇಲೇ ಎಗರಿತು. ವಾರದೊಳಗೆ ಅವನು ಮಾಳಿಗೆಯ ಮೇಲೆ ಕ್ಯಾಮೆರಾ ಹಾಕಿಸಿ ನಮ್ಮ ಹಿತ್ತಲ ಕಡೆ ತಿರುಗಿಸಿದ.

"ನಮ್ಮ ಹಿತ್ತಲದಾಗ ಏನ್ ನೋಡಾಕತ್ತೀಯೋ?" ಎಂದು ಜಗಳಕ್ಕೆ ನಿಂತೆ.

"ನಿನ್ನ ನಾಯಿ ಸಂಬಂಧ ಹಾಕೀನಿ. ನಿನಗ್ಯಾಕ ಉರಿ?" ಅಂದ.

ನನ್ನ ಪಿತ್ತ ನೆತ್ತಿಗೇರಿತು. ಗೋಡೆ ಎತ್ತರಿಸಿ ಮೇಲೆ ಗಾಜಿನ ಚೂರು ನೆಡಿಸಿದೆ. ಗೌಂಡಿ ಬಂದಿದ್ದಾನಲ್ಲ, ಆ ಬಾಗಿಲಿಗೂ ಇಟ್ಟಿಗೆ ಇಡು ಅಂದೆ. ಇಟ್ಟಿಗೆ ಏರುತ್ತಿದ್ದಾಗ ಆಚೆ ಬದಿ ಮಾವಶಿ ನಿಂತು ನೋಡುತ್ತಿದ್ದಳು. ನನ್ನ ಹೆಂಡತಿ, "ಪಾಠ ಬ್ಯಾರೇದವರಿಗಷ್ಟೇ ಏನ್ರಿ?" ಎಂದು ಚುಚ್ಚಿದಳು. ಜಗತ್ತನ್ನೇ ಸುಡಬಲ್ಲ ಎರಡು ದೇಶಗಳು ಕೂಡ ತಮ್ಮ ನಡುವೆ ಹಾಟ್‌ಲೈನ್ ಎಂಬ ನೇರ ಸಂಪರ್ಕ ಇಟ್ಟುಕೊಂಡಿದ್ದವು. ಅದನ್ನೂ ನಾನೇ ಕಲಿಸುತ್ತೇನೆ.

ಗೋಡೆ ಎದ್ದ ಮೇಲೆ ಒಂದು ದಿನ ನಾನು ರಜೆ ಹಾಕಿದ್ದೆ. ಹೆಂಡತಿ ತವರಿಗೆಂದು ನಿರ್ಣಾಕ್ಕೆ ಹೋಗಿದ್ದಳು. ಗೆಳೆಯ, ಅವನ ಹೆಂಡತಿ ಇಬ್ಬರೂ ಅಂಗಡಿಯಲ್ಲಿ. ಮಧ್ಯಾಹ್ನ ನಾನು ಒಳಗೆ ಕೂತು ಪೇಪರ್ ತಿದ್ದುತ್ತಿದ್ದಾಗ ನಾಯಿ ಗೋಡೆಯ ಕಡೆ ಮುಖ ಮಾಡಿ ಒಂದೇ ಸಮನೆ ಬೊಗಳತೊಡಗಿತು. ನಡುನಡುವೆ ಮಾವಶಿಯ ಸಣ್ಣ ದನಿ. ನಾಯಿಯನ್ನು ಬಯ್ಯುತ್ತಿದ್ದಾಳೆ ಅಂದುಕೊಂಡೆ. ಬಯ್ಯಲಿ, ಹೆದರಲಿ, ಮಗನಿಗೆ ಹೋಗಿ ಹೇಳಲಿ ಅಂತಲೂ ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಖುಷಿಯಾಗಿತ್ತು. ಎದ್ದು ಕಿಟಕಿ ಮುಚ್ಚಿ ಮತ್ತೆ ಪೇಪರಿಗೆ ಕೂತೆ.

ಸಂಜೆ ಗೆಳೆಯ ಬಂದು ನೋಡಿದರೆ ಮಾವಶಿ ಹಿತ್ತಲ ಬಚ್ಚಲ ಬಳಿ ಜಾರಿ ಬಿದ್ದಿದ್ದಳು. ಸೊಂಟದ ಎಲುಬು ಮುರಿದಿತ್ತು. ಬಿಸಿಲಲ್ಲೇ ಬಿದ್ದುಕೊಂಡು, ನಾಲಿಗೆ ಒಣಗಿ, ಮಾತೇ ನಿಂತುಹೋಗಿತ್ತು. ಅವನ ಕ್ಯಾಮೆರಾ ಅಷ್ಟು ಹೊತ್ತೂ ನಮ್ಮ ಹಿತ್ತಲನ್ನೇ ಕಾಯುತ್ತಿತ್ತು. ಆದರೆ ಅವ್ವ ಬಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ನನಗೆ ಕೇಳಿಸಿತ್ತು. ಆ ವ್ಯತ್ಯಾಸ ಇಂದಿಗೂ ನನ್ನನ್ನು ತಿನ್ನುತ್ತಿದೆ.

ಎರಡು ದಿನ ಧೈರ್ಯ ಸಾಲಲಿಲ್ಲ. ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಇನ್ನು ಆಕೆ ಎದ್ದು ಓಡಾಡುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರಂತೆ. ಎಲ್ಲವನ್ನೂ ಒಪ್ಪಿಕೊಂಡುಬಿಡಬೇಕು ಎಂದೇ ಹಾಸಿಗೆಯ ಹತ್ತಿರ ಹೋದೆ. ಮಾವಶಿ ನನ್ನ ಕೈ ಹಿಡಿದಳು.

"ನಿನ್ನ ಹೆಸರ್ಹಿಡಿದು ಭಾಳ ಕೂಗಿದೆಪಾ. ಆಮ್ಯಾಲ ತಿಳೀತು, ನೀ ಮನ್ಯಾಗಿಲ್ಲ ಅಂತ. ಇದ್ದಿದ್ರ ಗ್ವಾಡಿ ಹಾರಿ ಬರ್ತಿದ್ದಿ" ಅಂದಳು.

ಗೆಳೆಯ ನನ್ನ ಮುಖವನ್ನೇ ನೋಡುತ್ತಿದ್ದ.

"ಇರಲಿಲ್ಲ ಮಾವಶಿ" ಅಂದೆ. "ಕಾಲೇಜಿಗೆ ಹೋಗಿದ್ದೆ."

ಗೆಳೆಯ ಎದ್ದು, ನನ್ನ ಹೆಗಲ ಮೇಲೆ ಕೈಯಿಟ್ಟು, ತನ್ನ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟ.