ಎಳೆ ಕೂಡಿದ ಸನ್ನೆ

ವಿಜಯಪುರದ ರೇಷ್ಮೆ ಹುರಿ ಫ್ಯಾಕ್ಟರಿಯಲ್ಲಿ ದುಡಿದು ದುಡಿದು ನನ್ನ ಕಿವಿ ಮಂದವಾಗಿದೆ. ಸಣ್ಣ ಸದ್ದು ಕೇಳಿಸುವುದಿಲ್ಲ. ಮೆಷಿನ್ ಗದ್ದಲದಲ್ಲಿ ನಾವು ಹೆಂಗಸರು ಮಾತಾಡುವುದೇ ಕೈಯಲ್ಲಿ. ಹರಿದ ಎಳೆ ಕೂಡಿಕೊಂಡರೆ ಎರಡು ಬೆರಳು ಜೋಡಿಸಿ ಎತ್ತುತ್ತೇವೆ, ಮತ್ತೆ ಹರಿದರೆ ಬೆರಳು ಬಿಡಿಸಿ ತೋರಿಸುತ್ತೇವೆ.

ಪುರಸಭೆ ಚುನಾವಣೆಯಲ್ಲಿ ಮತಯಂತ್ರದ ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು. ಆದರೆ ಯಂತ್ರ ಪೀಂ ಅಂದರೇ ಓಟು ಬಿದ್ದಂತೆ ಎಂದು ಹೊರಗೆ ಎಲ್ಲರೂ ಹೇಳಿದ್ದರು, ನನಗೆ ಆ ಸದ್ದು ಕೇಳಲೇ ಇಲ್ಲ. ಅಧಿಕಾರಿ ಹೋಗಿ ಎಂದು ಕೈ ಬೀಸಿದರು. ಓಟು ಬಿತ್ತೋ ಇಲ್ಲವೋ ತಿಳಿಯದೆ ನಾನೇಕೆ ಹೋಗಲಿ? ಕದಲದೆ ನಿಂತು ಹಿಂದೆ ತಿರುಗಿ ನೋಡಿದೆ.

ನನ್ನ ಹಿಂದೆ ಸರದಿಯಲ್ಲಿದ್ದವಳು ಎದುರು ಮನೆಯ ಗೆಳತಿ, ಫ್ಯಾಕ್ಟರಿಯಲ್ಲೂ ಜೊತೆಗಾತಿ. ಅವಳ ಕಿವಿ ಇನ್ನೂ ಚುರುಕು. ಎರಡು ಬೆರಳು ಜೋಡಿಸಿ ಎತ್ತಿದಳು.

ಮೂಲೆಯಲ್ಲಿ ಕೂತಿದ್ದ ಪಕ್ಷದ ಏಜೆಂಟ್ ಹಾರಿಬಿದ್ದ. "ಏನಮ್ಮಾ, ಯಾರ್ಗೆ ಹಾಕು ಅಂತ ಸನ್ನೆ ಮಾಡ್ತಿದ್ದೀಯಾ?"

"ಓಟು ಬಿತ್ತು ಅಂತ ಹೇಳ್ದೆ ಕಣಣ್ಣಾ. ಯಾರ್ಗೆ ಅನ್ನೋದು ಅವಳಿಗೆ ಗೊತ್ತು," ಎಂದಳು.

ಆಮೇಲೆಯೇ ನಾನು ಹೊರಗೆ ಬಂದದ್ದು.

ಗೆದ್ದ ಸದಸ್ಯರು ಮೊನ್ನೆ ನಮ್ಮ ಬೀದಿಗೆ ಬಂದಿದ್ದರು. ಚರಂಡಿ ಕೆಲಸ ಯಾವಾಗ ಎಂದು ಕೇಳಿದರೆ ತುಟಿಯೊಳಗೇ ಏನೋ ಗೊಣಗಿದರು.

"ಜೋರಾಗಿ ಹೇಳಿ ಸಾರ್," ಎಂದೆ.

"ಮಾಡ್ಸೋಣ ಬಿಡಮ್ಮಾ," ಎಂದು ನಕ್ಕು ಮುಂದೆ ಹೋದರು.

ಎದುರು ಬಾಗಿಲಲ್ಲಿ ನಿಂತಿದ್ದ ಗೆಳತಿ ಜೋಡಿಸಿದ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು.

ಆ ಸನ್ನೆ ಸದಸ್ಯರಿಗೆ ತಿಳಿಯದು. ನಮ್ಮ ಬೀದಿಯ ಹೆಂಗಸರಿಗೆಲ್ಲ ತಿಳಿಯುತ್ತದೆ.